ಲೇಸ್ಟನ್‌ನ ಲಾಂಗ್ ಶಾಪ್: ಮೊದಲು ಕಟ್ಟಡ ನೋಡಿ, ಆಮೇಲೆ ಎಂಜಿನ್

ಹಳೆಯ ಉಗಿ ಎಂಜಿನ್‌ಗಳನ್ನು ಇಟ್ಟಿರುವ ವಸ್ತುಸಂಗ್ರಹಾಲಯಗಳಿಗೆ ಇಂಗ್ಲೆಂಡಿನಲ್ಲಿ ಬರವಿಲ್ಲ. ಎಂಜಿನ್ ಹುಟ್ಟಿದ ಅದೇ ಶೆಡ್ಡಿನಲ್ಲಿ, ಅದು ಹುಟ್ಟಿದ ಜಾಗದಲ್ಲೇ ನಿಂತು ನೋಡುವ ಅವಕಾಶ ಮಾತ್ರ ಬಲು ಅಪರೂಪ. ಪೂರ್ವ ಕರಾವಳಿಯ ಸಫೋಕ್ ಕೌಂಟಿಯ ಸಣ್ಣ ಊರು ಲೇಸ್ಟನ್‌ನಲ್ಲಿರುವ ಲಾಂಗ್ ಶಾಪ್ ಮ್ಯೂಸಿಯಂ ಅಂಥದ್ದು. 1778ರಲ್ಲಿ ಒಂದು ಕುಲುಮೆಯಾಗಿ ಶುರುವಾಗಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ದೇಶವಿದೇಶಗಳಿಗೆ ಉಗಿ ಎಂಜಿನ್ ಮತ್ತು ಒಕ್ಕಣೆ ಯಂತ್ರಗಳನ್ನು ಕಳಿಸಿದ 'ರಿಚರ್ಡ್ ಗ್ಯಾರೆಟ್ ಆಂಡ್ ಸನ್ಸ್' ಕಾರ್ಖಾನೆಯ ಉಳಿದ ಭಾಗ ಇದು. ಬೇಸಾಯದ ಯಂತ್ರಗಳಲ್ಲಿ ಆಸಕ್ತಿ ಇರುವವರು ಲಂಡನ್ನಿನಿಂದ ಒಂದು ದಿನ ಬಿಡುವು ಮಾಡಿಕೊಂಡು ಬರಲೇಬೇಕಾದ ಜಾಗ. ಆದರೆ ಇಲ್ಲಿ ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂದು ತಿಳಿದು ಹೋದರೆ ಲಾಭ ಹೆಚ್ಚು.

ಬಾಗಿಲು ದಾಟಿದ ಕೂಡಲೇ ಎಂಜಿನ್‌ಗಳತ್ತ ಓಡಬೇಡಿ. ಇಲ್ಲಿನ ಅತಿ ದೊಡ್ಡ ಯಂತ್ರ ಆ ಕಟ್ಟಡವೇ. 1852-53ರಲ್ಲಿ ಕಟ್ಟಿದ 'ಲಾಂಗ್ ಶಾಪ್' ಎಂಬ ಈ ಉದ್ದನೆಯ ಶೆಡ್ಡಿನ ನಡುವೆ ನೆಲದಿಂದ ಛಾವಣಿಯವರೆಗೆ ತೆರೆದ ಅಂಕಣ, ಎರಡೂ ಪಕ್ಕದಲ್ಲಿ ಮರದ ಕಂಬಗಳ ಮೇಲೆ ನಿಂತ ಅಟ್ಟಗಳು, ಮೇಲಿನಿಂದ ಇಳಿಯುವ ಬೆಳಕು. ಕೆಲಸಗಾರರು ಇದನ್ನು 'ಕೆಥೀಡ್ರಲ್' ಎಂದು ಕರೆಯುತ್ತಿದ್ದರಂತೆ. ಒಳಗೆ ನಿಂತು ಕತ್ತೆತ್ತಿದರೆ ಆ ಹೆಸರು ಯಾಕೆ ಬಂತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದರ ಕೆಲಸದ ಕ್ರಮ ಹೀಗಿತ್ತು. ಬಾಯ್ಲರ್ ಕಟ್ಟಡದ ಒಂದು ತುದಿಯಿಂದ ಒಳಗೆ ಬರುತ್ತಿತ್ತು. ಅಟ್ಟಗಳ ಮೇಲೆ ಲೇತು, ಡ್ರಿಲ್ಲುಗಳ ಸಾಲು. ಅಲ್ಲಿ ಸಣ್ಣ ಬಿಡಿಭಾಗಗಳು ತಯಾರಾಗುತ್ತಿದ್ದವು. ಬಾಯ್ಲರ್ ನಡುವಿನ ಅಂಕಣದಲ್ಲಿ ಹಂತಹಂತವಾಗಿ ಮುಂದೆ ಸಾಗಿದಂತೆ, ಆಯಾ ಹಂತಕ್ಕೆ ಬೇಕಾದ ಭಾಗ ಪಕ್ಕದಿಂದಲೋ ಮೇಲಿನಿಂದಲೋ ಬಂದು ಜೋಡಣೆಯಾಗುತ್ತಿತ್ತು. ಭಾರದ ಭಾಗಗಳನ್ನು ಎತ್ತಿ ಕೂರಿಸಲು ಮೇಲೆ ಕ್ರೇನು. ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಎಂಜಿನ್ ಪೂರ್ತಿ. ಒಂದೇ ಜಾಗದಲ್ಲಿ ಎಂಜಿನ್ ಇಟ್ಟು, ಫಿಟ್ಟರುಗಳು ಭಾಗಗಳನ್ನು ಹುಡುಕಿಕೊಂಡು ಕಾರ್ಖಾನೆ ತುಂಬ ಅಲೆಯುವುದು ಆ ಕಾಲದ ವಾಡಿಕೆ. ಗ್ಯಾರೆಟ್ ಅದನ್ನು ತಿರುವು ಹಾಕಿತು: ಆಳು ನಿಂತಲ್ಲೇ ನಿಂತ, ಎಂಜಿನ್ ನಡೆಯಿತು. ಫೋರ್ಡ್ ಕಂಪನಿ 1913ರಲ್ಲಿ ಕಾರುಗಳಿಗಾಗಿ ಚಲಿಸುವ ಜೋಡಣಾ ಸಾಲು ಶುರು ಮಾಡುವುದಕ್ಕೆ ಅರವತ್ತು ವರ್ಷ ಮೊದಲಿನ ಮಾತಿದು. ಇಲ್ಲಿ ತಾನಾಗಿ ಸಾಗುವ ಪಟ್ಟಿ ಇರಲಿಲ್ಲ, ಒಂದು ಹಂತ ಮುಗಿದ ಮೇಲೆ ಕೈಯಿಂದ, ಕ್ರೇನಿನಿಂದ ಮುಂದೆ ಸರಿಸುತ್ತಿದ್ದರು. ಈ ವ್ಯವಸ್ಥೆಯ ದೌರ್ಬಲ್ಯವೂ ಅಲ್ಲೇ ಇದೆ. ಮೂರನೇ ಹಂತದಲ್ಲಿ ಒಂದು ಎರಕದ ಭಾಗ ಬಿರುಕು ಬಿಟ್ಟಿದ್ದು ಕಂಡರೆ ಹಿಂದಿನ ಎಂಜಿನ್‌ಗಳೆಲ್ಲ ಕಾಯಬೇಕು. ಹಾಗಾಗಿ ಭಾಗಗಳ ಅಳತೆ ಒಂದೇ ತೆರನಾಗಿರಬೇಕು, ಅಟ್ಟದ ಮೇಲೆ ದಾಸ್ತಾನು ಮುಂಚಿತವಾಗಿ ಸಿದ್ಧವಿರಬೇಕು. ಮೊದಲು ನೆಲದ ಒಂದು ತುದಿಯಲ್ಲಿ ನಿಂತು ಉದ್ದಕ್ಕೂ ನೋಡಿ, ನಂತರ ಅಟ್ಟ ಹತ್ತಿ ಕೆಳಗೆ ನೋಡಿ. ಆಗ ಈ ಲೆಕ್ಕಾಚಾರ ಕಣ್ಣಿಗೇ ಕಟ್ಟುತ್ತದೆ.

ಇಷ್ಟೆಲ್ಲ ಯಾತಕ್ಕಾಗಿ ಎಂದರೆ, ಪೋರ್ಟಬಲ್ ಎಂಜಿನ್‌ಗಾಗಿ. ಈ ಮ್ಯೂಸಿಯಮ್ಮಿಗೆ ಬರುವ ಹೆಚ್ಚಿನವರು ತಾನಾಗಿ ಓಡುವ ದೊಡ್ಡ ಎಂಜಿನ್‌ಗಳ ಮುಂದೆ ಫೋಟೋ ತೆಗೆಸಿಕೊಂಡು, ಪೋರ್ಟಬಲ್ ಎಂಜಿನ್‌ನತ್ತ ಒಂದು ನೋಟ ಬೀರಿ ಮುಂದೆ ಹೋಗುತ್ತಾರೆ. ಅದು ತಪ್ಪು. ಗ್ಯಾರೆಟ್‌ಗೆ ಅನ್ನ ಹಾಕಿದ್ದು ಇದು. ನಾಲ್ಕು ಗಾಲಿಯ ಮೇಲೆ ಕೂತ ಬಾಯ್ಲರ್, ಅದರ ಬೆನ್ನ ಮೇಲೆ ಎಂಜಿನ್. ತಾನಾಗಿ ಒಂದಡಿಯೂ ಚಲಿಸದು, ಒಂದು ಕಣದಿಂದ ಇನ್ನೊಂದಕ್ಕೆ ಕುದುರೆಗಳೇ ಎಳೆಯಬೇಕು. ಹಿಂದುಗಡೆ ಬೆಂಕಿ ಹಾಕುವ ಫೈರ್‌ಬಾಕ್ಸ್, ನಡುವೆ ನೀರು ತುಂಬಿದ ಉರುಳೆ, ಅದರೊಳಗೆ ಬಿಸಿ ಹೊಗೆ ಹಾಯುವ ಕೊಳವೆಗಳು, ಮುಂದುಗಡೆ ಆ ಹೊಗೆ ಸೇರುವ ಸ್ಮೋಕ್‌ಬಾಕ್ಸ್. ಹೊಗೆಕೊಳವೆಯ ಬುಡದಲ್ಲಿ ಕೀಲು ಇರುತ್ತದೆ, ಸಾಗಿಸುವಾಗ ಅದನ್ನು ಹಿಂದಕ್ಕೆ ಮಡಚಿ ಬಾಯ್ಲರ್ ಮೇಲೆ ಮಲಗಿಸಬಹುದು. ಸಾಮಾನ್ಯವಾಗಿ ಸಿಲಿಂಡರ್ ಫೈರ್‌ಬಾಕ್ಸಿನ ಮೇಲೆ, ಪಿಸ್ಟನ್ನಿನ ಹಿಂದುಮುಂದಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ಶಾಫ್ಟ್ ಹೊಗೆಕೊಳವೆಯ ಹತ್ತಿರ, ಪಕ್ಕದಲ್ಲಿ ಫ್ಲೈವೀಲ್ ಎಂಬ ದೊಡ್ಡ ಚಕ್ರ. ಅದಕ್ಕೆ ಬೆಲ್ಟು ಹಾಕಿ ಒಕ್ಕಣೆ ಯಂತ್ರ ನಡೆಸುತ್ತಿದ್ದರು.

ಫಲಕಗಳಲ್ಲಿ ಕಾಣುವ 'ನಾಮಿನಲ್ ಹಾರ್ಸ್‌ಪವರ್' ನೋಡಿ ಮೋಸಹೋಗಬೇಡಿ. ಅದು ಎಂಜಿನ್ ನಿಜವಾಗಿ ಕೊಡುವ ಶಕ್ತಿಯ ಅಳತೆಯಲ್ಲ, ಸಿಲಿಂಡರಿನ ಅಗಲದಿಂದ ಕಟ್ಟಿದ ಮಾರಾಟದ ಲೆಕ್ಕ. ಬೇಸಾಯದ ಎಂಜಿನ್‌ಗಳಿಗೆ ಬಳಕೆಯಲ್ಲಿದ್ದ ಸೂತ್ರ ಸರಳ: ಸಿಲಿಂಡರಿನ ಒಳವ್ಯಾಸವನ್ನು ಇಂಚಿನಲ್ಲಿ ಅಳೆದು, ಅದರ ವರ್ಗವನ್ನು ಹತ್ತರಿಂದ ಭಾಗಿಸಿ. 9 ಇಂಚಿನ ಸಿಲಿಂಡರ್ ಎಂದರೆ 81ನ್ನು 10ರಿಂದ ಭಾಗಿಸಿ 8 ಹಾರ್ಸ್‌ಪವರ್. ಉಗಿಯ ಒತ್ತಡ, ವೇಗ ಎರಡೂ ಈ ಲೆಕ್ಕದಲ್ಲಿಲ್ಲ. ಶತಮಾನದ ಕೊನೆಗೆ ಒತ್ತಡ ಏರಿದಾಗ, 8ರ ಎಂಜಿನ್ ಬೆಲ್ಟಿನ ಮೇಲೆ ಅದರ ಮೂರು-ನಾಲ್ಕು ಪಟ್ಟು ಶಕ್ತಿ ಕೊಡುತ್ತಿತ್ತು.

ತಣ್ಣಗೆ ನಿಂತ ಎಂಜಿನ್ ನೋಡುವಾಗ ಅದನ್ನು ನಡೆಸುತ್ತಿದ್ದವನ ಬೆಳಗ್ಗೆ ಹೇಗಿತ್ತೆಂದು ಕಲ್ಪಿಸಿಕೊಂಡರೆ ಪ್ರತಿಯೊಂದು ಹಿಡಿಕೆಗೂ ಅರ್ಥ ಬರುತ್ತದೆ. ಎಲ್ಲಕ್ಕಿಂತ ಮೊದಲು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ನೋಡಬೇಕು, ಅದರ ನಲ್ಲಿಗಳನ್ನು ಒಮ್ಮೆ ತೆರೆದು ಮುಚ್ಚಿ ಅದು ಕಟ್ಟಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಗಾಜು ಸುಳ್ಳು ಹೇಳಿದರೆ ಮುಂದಿನದೆಲ್ಲ ಅಪಾಯ. ನಂತರ ಸ್ಮೋಕ್‌ಬಾಕ್ಸ್ ಬಾಗಿಲು ತೆಗೆದು ಕೊಳವೆಗಳ ಮಸಿ ಬ್ರಷ್ಷಿನಿಂದ ತಳ್ಳಬೇಕು. ಬೂದಿ ತೆಗೆದು, ಸೌದೆಯಿಂದ ಹೊತ್ತಿಸಿ, ಕಲ್ಲಿದ್ದಲು ಸ್ವಲ್ಪಸ್ವಲ್ಪವೇ ಹಾಕಬೇಕು. ತಣ್ಣಗಿನ ಬಾಯ್ಲರಿನಲ್ಲಿ ಉಗಿ ಏಳಲು ಎರಡು-ಮೂರು ತಾಸು ಬೇಕು. ಅವಸರಪಟ್ಟು ಬೆಂಕಿ ಜೋರು ಮಾಡಿದರೆ ಮೇಲಿನ ತಗಡು ಬಿಸಿಯಾಗಿ ಹಿಗ್ಗುತ್ತದೆ, ತಳ ಇನ್ನೂ ತಣ್ಣಗಿರುತ್ತದೆ. ಕೊಳವೆಗಳ ಬಾಯಿ, ರಿವೆಟ್ ಸಾಲು ಸೋರಲು ಶುರುವಾಗುವುದು ಹೀಗೆಯೇ.

ಎಂಜಿನ್ ಚಾಲೂ ಮಾಡುವ ಮುನ್ನ ಸಿಲಿಂಡರಿನ ಕೆಳಗಿನ ಸಣ್ಣ ನಲ್ಲಿಗಳನ್ನು ತೆರೆಯಬೇಕು. ತಣ್ಣಗಿನ ಸಿಲಿಂಡರಿಗೆ ಹೊಕ್ಕ ಉಗಿ ನೀರಾಗುತ್ತದೆ. ನೀರನ್ನು ಅದುಮಲಾಗದು, ಪಿಸ್ಟನ್ ಅದನ್ನು ತುದಿಗೆ ಒತ್ತಿದರೆ ಸಿಲಿಂಡರಿನ ಮುಚ್ಚಳವೇ ಒಡೆಯುತ್ತದೆ. ಒಣ ಉಗಿ ಬರುವವರೆಗೆ ಬಿಟ್ಟು ನಲ್ಲಿ ಮುಚ್ಚಬೇಕು. ಬಾಯ್ಲರಿನಲ್ಲಿ ನೀರು ತುಂಬಾ ಹೆಚ್ಚಿದ್ದರೂ, ಕೊಳೆ ನೀರಿದ್ದರೂ ಇದೇ ಪೀಡೆ: ಉಗಿಯ ಜೊತೆ ನೀರೂ ಉಕ್ಕಿ ಬರುತ್ತದೆ.

ಫೈರ್‌ಬಾಕ್ಸಿನ ನೆತ್ತಿಯಲ್ಲಿ ಒಂದು ಸಣ್ಣ ಬಿರಟೆ ಇರುತ್ತದೆ, ಹೊರಗಿನಿಂದ ಕಾಣದು. ಅದರ ನಡುವೆ ಸೀಸ ತುಂಬಿರುತ್ತದೆ. ನೀರು ನೆತ್ತಿಯ ಮೇಲಿರುವ ತನಕ ಸೀಸ ಕರಗದು. ನೀರು ಇಳಿದು ನೆತ್ತಿ ಬರಿದಾದರೆ ಲೋಹ ಕಾದು, 327 ಡಿಗ್ರಿ ಸೆಲ್ಸಿಯಸ್‌ಗೆ ಸೀಸ ಕರಗಿ, ಆ ತೂತಿನಿಂದ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಆಮೇಲೆ ದಿನದ ಕೆಲಸ ಮುಗಿದ ಹಾಗೆಯೇ, ಆದರೆ ಬಾಯ್ಲರ್ ಸಿಡಿಯುವುದು ತಪ್ಪುತ್ತದೆ. ಬಿರಟೆಯ ಮೇಲೆ ಸುಣ್ಣದ ಗಟ್ಟಿ ಕೂತರೆ ಮಾತ್ರ ಅದೂ ಕೈಕೊಡುತ್ತದೆ. ಸಫೋಕ್ ಸೀಮೆಯ ನೆಲದಡಿ ಸುಣ್ಣಕಲ್ಲು, ಬಾವಿ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಗಟ್ಟಿಯೇ ಬಾಯ್ಲರಿನ ಕೊಳವೆಗಳ ಮೇಲೂ ಕಟ್ಟುತ್ತದೆ, ಬಿಸಿ ನೀರಿಗೆ ತಲುಪದೆ ಲೋಹ ಸುಡುತ್ತದೆ, ಕಲ್ಲಿದ್ದಲೂ ಹೆಚ್ಚು ತಿನ್ನುತ್ತದೆ. ಇದಕ್ಕೆ ಮುಖ್ಯ ಮದ್ದು ಆಗಾಗ ಬಾಯ್ಲರ್ ತೊಳೆಯುವುದು. ಫೈರ್‌ಬಾಕ್ಸಿನ ಕೆಳಮೂಲೆಗಳಲ್ಲಿ ಕಾಣುವ ಮುಚ್ಚಳಗಳು ಆ ಕೆಸರು ತೆಗೆಯುವ ದಾರಿಗಳು. ಹಳೆಯ ಎಂಜಿನ್‌ನ ಆರೈಕೆ ಹೇಗಿತ್ತೆಂದು ತಿಳಿಯಬೇಕಾದರೆ ಹಿತ್ತಾಳೆಯ ಹೊಳಪು ಬಿಡಿ, ಈ ಮುಚ್ಚಳಗಳ ಸುತ್ತ ತುಕ್ಕಿನ ಗೆರೆ ಇದೆಯೇ ನೋಡಿ.

ಒಕ್ಕಣೆ ಯಂತ್ರದ ಕತೆ ಗ್ಯಾರೆಟ್ ಮನೆಗೆ ಮದುವೆಯ ಮೂಲಕ ಬಂತು. ಮೊದಲನೇ ರಿಚರ್ಡ್ ಗ್ಯಾರೆಟ್ ಕಮ್ಮಾರ. ಕುಡುಗೋಲು ಮತ್ತು ಅಲಗಿನ ಸಾಮಾನು ಅವನ ಕಸುಬು. ಅವನ ಮಗ ಎರಡನೇ ರಿಚರ್ಡ್ ಮದುವೆಯಾದದ್ದು ನಾರ್ಫೋಕ್‌ನಲ್ಲಿ ಒಕ್ಕಣೆ ಯಂತ್ರ ಮಾಡುತ್ತಿದ್ದ ಜಾನ್ ಬಾಲ್ಸ್‌ನ ಮಗಳು ಸಾರಾಳನ್ನು. ಅಲ್ಲಿಂದ ಕುಲುಮೆ ಕಾರ್ಖಾನೆಯಾಗುವ ದಾರಿ ಹಿಡಿಯಿತು. ಕೂರಿಗೆಯೂ ಬಂತು, ಕುದುರೆ ಎಳೆಯುವ ಎಡೆಕುಂಟೆಯೂ ಬಂತು. ಕೂರಿಗೆಯಿಂದ ಸಾಲಾಗಿ ಬಿತ್ತಿದರೆ ತಾನೇ ಸಾಲಿನ ನಡುವೆ ಕುಂಟೆ ಹೊಡೆಯಲು ಜಾಗ. ಒಂದನ್ನು ಕೊಂಡ ರೈತ ಇನ್ನೊಂದನ್ನೂ ಕೊಳ್ಳುತ್ತಿದ್ದ. ಧಾರವಾಡ, ರಾಯಚೂರು ಕಡೆಯ ಎರೆಹೊಲಗಳಲ್ಲಿ ಕೂರಿಗೆ, ಎಡೆಕುಂಟೆ ಬಳಸಿ ಬಲ್ಲವರಿಗೆ ಈ ವಿಭಾಗದ ಸಾಮಾನು ಹೊಸತೆನಿಸದು. ತಾಳುಗಳು ಹೆಚ್ಚು, ಅಗಲ ಹೆಚ್ಚು, ಬೀಜ ಹಾಕುವುದು ಕೈಯ ಬದಲು ಹಲ್ಲುಚಕ್ರದ ಕೆಲಸ, ಅಷ್ಟೇ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಎಂಜಿನ್ ಮತ್ತು ಒಕ್ಕಣೆ ಯಂತ್ರವನ್ನು ಜೋಡಿಯಾಗಿಯೇ ಅರ್ಥಮಾಡಿಕೊಳ್ಳಬೇಕು. ಫ್ಲೈವೀಲ್ ಸುಮಾರು 5 ಅಡಿ ವ್ಯಾಸ, ನಿಮಿಷಕ್ಕೆ 140ರ ಆಸುಪಾಸು ಸುತ್ತು. ಒಕ್ಕಣೆ ಉರುಳೆಯ ರಾಟೆ ಸುಮಾರು 8 ಇಂಚು. ಈ ಅನುಪಾತದಿಂದ ಉರುಳೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುತ್ತದೆ. ಉರುಳೆಯ ಮೇಲಿನ ಕಬ್ಬಿಣದ ಪಟ್ಟಿಗಳು, ಅದರ ಕೆಳಗೆ ಬಾಗಿದ ಜಾಲರಿ; ಇವೆರಡರ ನಡುವೆ ತೆನೆ ಉಜ್ಜಿ ಕಾಳು ಬೇರೆಯಾಗುತ್ತದೆ. ತೆನೆ ಒಳಹೋಗುವ ಕಡೆ ಸಂದು ಅಗಲ, ಹೊರಬರುವ ಕಡೆ ಕಿರಿದು. ಸಂದು ತೀರ ಬಿಗಿಯಾದರೆ ಕಾಳು ಒಡೆಯುತ್ತದೆ, ಬಿತ್ತನೆಗೂ ಬಿಯರಿನ ಮೊಳಕೆ ಬಾರ್ಲಿಗೂ ಅದು ಬಾರದು. ಸಡಿಲವಾದರೆ ತೆನೆಯಲ್ಲೇ ಕಾಳು ಉಳಿದು ಹುಲ್ಲಿನ ಬಣವೆ ಸೇರುತ್ತದೆ. ಬೆಳಗಿನ ಇಬ್ಬನಿಗೆ ಒದ್ದೆಯಾದ ತೆನೆಗೆ ಒಂದು ಸಂದು, ಮಧ್ಯಾಹ್ನ ಒಣಗಿದ ಮೇಲೆ ಇನ್ನೊಂದು. ದಿನಕ್ಕೆ ಎರಡು ಬಾರಿಯಾದರೂ ಹುಲ್ಲು ಹಿಡಿದು ತಿಕ್ಕಿ ನೋಡಿ ತಿರುಪು ತಿರುಗಿಸುತ್ತಿದ್ದರು.

ಯಂತ್ರವನ್ನು ನಿಲ್ಲಿಸುವ ಕಲೆಯೇ ಬೇರೆ. ಮಟ್ಟಗೋಲು ಇಟ್ಟು, ಗಾಲಿಗಳ ಕೆಳಗೆ ಹಲಗೆ ಕೊಟ್ಟು, ನಾಲ್ಕೂ ಕಡೆ ಸಮ ಮಾಡಬೇಕು. ಒಂದು ಪಕ್ಕ ಎರಡು ಇಂಚು ತಗ್ಗಿದರೂ ಒಳಗಿನ ಜರಡಿಗಳ ಮೇಲೆ ಕಾಳೆಲ್ಲ ಆ ಪಕ್ಕಕ್ಕೆ ಹರಿದು, ಗಾಳಿ ಸರಿಯಾಗಿ ಹಾಯದೆ ಹೊಟ್ಟಿನ ಜೊತೆ ಕಾಳೂ ಹೊರಬೀಳುತ್ತದೆ. ಎಂಜಿನ್‌ನ ಫ್ಲೈವೀಲ್ ಮತ್ತು ಉರುಳೆಯ ರಾಟೆ ಒಂದೇ ನೇರಕ್ಕಿರಬೇಕು, ಇಲ್ಲದಿದ್ದರೆ ಬೆಲ್ಟು ಜಾರಿ ಬೀಳುತ್ತದೆ. ಬೆಲ್ಟನ್ನು ನಡುವೆ ಒಮ್ಮೆ ಅಡ್ಡ ತಿರುವಿ ಹಾಕಿದರೆ ರಾಟೆಯನ್ನು ಹೆಚ್ಚು ಸುತ್ತಿ ಹಿಡಿಯುತ್ತದೆ, ಗಾಳಿಗೆ ಬಡಿದಾಡುವುದೂ ಕಡಿಮೆ. ಎಂಜಿನ್ ಒಕ್ಕಣೆ ಯಂತ್ರದಿಂದ ದೂರ ನಿಲ್ಲುವುದು ಬೆಲ್ಟಿನ ಹಿಡಿತಕ್ಕೆ ಮಾತ್ರವಲ್ಲ, ಹೊಗೆಕೊಳವೆಯ ಕಿಡಿ ಬಣವೆಗೆ ಬೀಳದಿರಲೆಂದು ಕೂಡ. ಇದರ ಸುತ್ತ ಹತ್ತು-ಹನ್ನೆರಡು ಆಳು ಬೇಕು. ಸಿವುಡಿನ ಕಟ್ಟು ಕೊಯ್ದು ಬಿಡಿಸಿ ಉರುಳೆಗೆ ಸಮನಾಗಿ ಉಣಿಸುವವನ ಕೈ ತಪ್ಪಿದರೆ, ಇಡೀ ಸಿವುಡು ಒಮ್ಮೆಗೇ ಒಳಹೋಗಿ ಉರುಳೆ ಗೊರಗುಟ್ಟುತ್ತದೆ, ಬೆಲ್ಟು ಹಾರುತ್ತದೆ. ಉರುಳೆಯ ಬಾಯಿಗೆ ಕಾಲು ಜಾರಿ ಬಿದ್ದವರ ಅಪಘಾತಗಳು ಆ ಕಾಲದಲ್ಲಿ ಎಷ್ಟೆಂದರೆ, ಬಾಯಿಗೆ ರಕ್ಷಣೆಯ ಮುಚ್ಚಳ ಇರಲೇಬೇಕೆಂದು 1878ರಲ್ಲಿ ಕಾನೂನೇ ಮಾಡಬೇಕಾಯಿತು.

ಈ ಕಾರ್ಖಾನೆಯನ್ನು ದೊಡ್ಡದು ಮಾಡಿದವನು ಮೂರನೇ ರಿಚರ್ಡ್ (1807–1866). ಲಾಂಗ್ ಶಾಪ್ ಕಟ್ಟಿಸಿದವನೂ ಅವನೇ, 1851ರ ಲಂಡನ್ ಮಹಾಪ್ರದರ್ಶನದ ಬೆನ್ನಲ್ಲೇ. ಪೈಪೋಟಿ ಕಡಿಮೆ ಇರಲಿಲ್ಲ. ಹತ್ತಿರದ ಇಪ್ಸ್‌ವಿಚ್‌ನಲ್ಲಿ ರಾನ್ಸಮ್ಸ್, ಥೆಟ್‌ಫರ್ಡ್‌ನಲ್ಲಿ ಬರೆಲ್, ಲಿಂಕನ್‌ನಲ್ಲಿ ಕ್ಲೇಟನ್ ಆಂಡ್ ಶಟಲ್‌ವರ್ತ್, ಗೇನ್ಸ್‌ಬರೋದಲ್ಲಿ ಮಾರ್ಷಲ್. ಮೂರನೇ ರಿಚರ್ಡ್‌ನ ತಮ್ಮ ನ್ಯೂಸನ್ ಗ್ಯಾರೆಟ್ ಬೇರೆ ದಾರಿ ಹಿಡಿದು ಸ್ನೇಪ್‌ನಲ್ಲಿ ಬಾರ್ಲಿ ಮೊಳಕೆಯ ಮಾಲ್ಟಿಂಗ್ಸ್ ಕಟ್ಟಿದ. ನ್ಯೂಸನ್‌ನ ಮಗಳು ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ 1865ರಲ್ಲಿ ಬ್ರಿಟನ್ನಿನಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದಳು, ಪರೀಕ್ಷೆ ಬರೆದು ಆ ಅರ್ಹತೆ ಗಳಿಸಿದ ಮೊದಲ ಹೆಂಗಸು. ಇನ್ನೊಬ್ಬ ಮಗಳು ಮಿಲಿಸೆಂಟ್ ಫಾಸೆಟ್ ಹೆಂಗಸರ ಮತದಾನದ ಹಕ್ಕಿಗಾಗಿ ಜೀವಮಾನವಿಡೀ ಹೋರಾಡಿದಳು. ಕುಡುಗೋಲು ಬಡಿಯುತ್ತಿದ್ದ ಕಮ್ಮಾರನ ಮರಿಮಕ್ಕಳು ಇವರು. ಮ್ಯೂಸಿಯಂ ಈ ಭಾಗವನ್ನು ಬರಿಯ ಎಂಜಿನ್ ಹುಚ್ಚಿನವರು ದಾಟಿಹೋಗದ ಹಾಗೆ ಇಟ್ಟುಕೊಂಡಿರುವುದು ಮೆಚ್ಚಬೇಕಾದ್ದು.

ಕಾರ್ಖಾನೆಗೆ ರೈಲು ಬಂದದ್ದು 1859ರಲ್ಲಿ. ನಿಲ್ದಾಣ ಊರಿನ ಮೇಲ್ಗಡೆ, ಹಳೆಯ ಕಾರ್ಖಾನೆ ತಗ್ಗಿನಲ್ಲಿ. ನಡುವೆ ಕಾರ್ಖಾನೆಯದೇ ಹಳಿ. ವ್ಯಾಗನ್‌ಗಳನ್ನು ಏರಿಗೆ ಎಳೆಯಲು ದಶಕಗಳ ಕಾಲ ಕುದುರೆಗಳಿದ್ದವು, 1929ರಲ್ಲಷ್ಟೇ 'ಸಿರಾಪೈಟ್' ಎಂಬ ಸಣ್ಣ ಉಗಿ ರೈಲು ಎಂಜಿನ್ ಬಂತು. ಇದು ಏವ್ಲಿಂಗ್ ಆಂಡ್ ಪೋರ್ಟರ್ ಕಂಪನಿ 1906ರಲ್ಲಿ ಮಾಡಿದ್ದು; ಪಕ್ಕದಿಂದ ನೋಡಿದರೆ ರಸ್ತೆಯ ಎಂಜಿನ್‌ಗೆ ರೈಲುಗಾಲಿ ಹಾಕಿದಂತಿದೆ. ಪಿಸ್ಟನ್ ನೇರವಾಗಿ ಗಾಲಿ ತಿರುಗಿಸದೆ ಹಲ್ಲುಚಕ್ರಗಳ ಮೂಲಕ ತಿರುಗಿಸುತ್ತದೆ. ಓಟ ನಿಧಾನ, ಎಳೆತ ಬಲವಾದದ್ದು. ರೈಲು ಎಂಜಿನ್ ನೋಡಿ ಅಭ್ಯಾಸವಿರುವವರು ಇಲ್ಲಿ ಫ್ಲೈವೀಲ್ ಹುಡುಕಿ, ವ್ಯತ್ಯಾಸ ತಕ್ಷಣ ಹೊಳೆಯುತ್ತದೆ.

20ನೇ ಶತಮಾನದ ಯಂತ್ರಗಳಲ್ಲಿ ಎರಡನ್ನು ತಪ್ಪಿಸಬೇಡಿ. ಒಂದು '4ಸಿಡಿ' ಮಾದರಿಯ ಉಗಿ ಟ್ರ್ಯಾಕ್ಟರ್. ಖಾಲಿ ತೂಕ 5 ಟನ್ ಮೀರದ ಎಂಜಿನ್ನನ್ನು ರಸ್ತೆಯಲ್ಲಿ ಒಬ್ಬನೇ ನಡೆಸಬಹುದೆಂದು ಕಾನೂನು ಸಡಿಲವಾದ ಮೇಲೆ ಹುಟ್ಟಿದ ತಳಿ ಇದು. ಸಣ್ಣ ಮೈ, ಎರಡು ಸಿಲಿಂಡರಿನ ಕಾಂಪೌಂಡ್: ಮೊದಲ ಸಿಲಿಂಡರಿನಲ್ಲಿ ದುಡಿದ ಉಗಿ ಹೊರಹೋಗದೆ ದೊಡ್ಡ ಸಿಲಿಂಡರಿನಲ್ಲಿ ಮತ್ತೊಮ್ಮೆ ದುಡಿಯುತ್ತದೆ, ಕಲ್ಲಿದ್ದಲೂ ನೀರೂ ಉಳಿಯುತ್ತವೆ. ಗ್ಯಾರೆಟ್ ಮಾಡಿದ ರಸ್ತೆ ಎಂಜಿನ್‌ಗಳಲ್ಲಿ ಅತ್ಯಂತ ಹದವಾದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು 1919ರ 'ಸಫೋಕ್ ಪಂಚ್'. ಆ ಸೀಮೆಯ ಕಂದುಬಣ್ಣದ ಭಾರಿ ಕುದುರೆಯ ಹೆಸರನ್ನೇ ಇಟ್ಟು, ನೇಗಿಲನ್ನು ನೇರವಾಗಿ ಎಳೆಯಲೆಂದು ಮಾಡಿದ ಉಗಿ ಟ್ರ್ಯಾಕ್ಟರ್. ಮಾಡಿದ್ದೇ ಬೆರಳೆಣಿಕೆಯಷ್ಟು, 'ದಿ ಜೋಕರ್' ಎಂಬ ಇದೊಂದೇ ಉಳಿದಿದೆ. ಚಾಲಕನಿಗೆ ಮುಂದಿನದು ಚೆನ್ನಾಗಿ ಕಾಣುವಂತೆ ಜೋಡಣೆ, ಒಳ್ಳೆಯ ಕೆಲಸಗಾರಿಕೆ. ಆದರೆ ಉಗಿ ಏರುವವರೆಗೆ ಕಾಯಬೇಕು, ನೀರು-ಕಲ್ಲಿದ್ದಲು ಹೊಲಕ್ಕೆ ಹೊರಬೇಕು, ಬಾಯ್ಲರಿನ ಭಾರ ಹಸಿ ನೆಲವನ್ನು ಅದುಮಿ ಗಟ್ಟಿಮಾಡುತ್ತದೆ. ಆ ಹೊತ್ತಿಗಾಗಲೇ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂದಿತ್ತು. ಹಗುರ, ಅಗ್ಗ, ಹಿಡಿಕೆ ತಿರುಗಿಸಿದರೆ ಕೆಲಸಕ್ಕೆ ಸಿದ್ಧ. ಗ್ಯಾರೆಟ್‌ನ ಎಂಜಿನಿಯರುಗಳು ಕುದುರೆಯನ್ನು ಸೋಲಿಸುವ ಯಂತ್ರ ಮಾಡಿದರು, ಪೈಪೋಟಿಗೆ ಬಂದದ್ದು ಸೀಮೆಎಣ್ಣೆ. ಇದರ ಮುಂದೆ ನಿಂತಾಗ ಮನಸ್ಸು ಕಲಕುತ್ತದೆ.

ಮುಂದಿನದು ಇಳಿಜಾರು. ರಷ್ಯಾದ ಮಾರುಕಟ್ಟೆ 1917ರ ಕ್ರಾಂತಿಯೊಂದಿಗೆ ಹೋಯಿತು. 1919ರಲ್ಲಿ ಹಲವು ಹಳೆಯ ಕಂಪನಿಗಳು ಸೇರಿ 'ಅಗ್ರಿಕಲ್ಚರಲ್ ಆಂಡ್ ಜನರಲ್ ಎಂಜಿನಿಯರ್ಸ್' ಎಂಬ ಒಕ್ಕೂಟ ಕಟ್ಟಿಕೊಂಡವು, ಗ್ಯಾರೆಟ್ ಕೂಡ ಅದರಲ್ಲಿ ಸೇರಿತು. ಉಗಿ ಲಾರಿ, ಬ್ಯಾಟರಿ ಗಾಡಿ, ಟ್ರಾಲಿಬಸ್ ಎಲ್ಲ ಪ್ರಯತ್ನವೂ ನಡೆಯಿತು. ಥೆಟ್‌ಫರ್ಡ್‌ನ ಬರೆಲ್ ಕಾರ್ಖಾನೆ ಮುಚ್ಚಿದ ಮೇಲೆ ಕೊನೆಯ ಕೆಲವು ಬರೆಲ್ ಎಂಜಿನ್‌ಗಳು ತಯಾರಾದದ್ದೂ ಲೇಸ್ಟನ್‌ನಲ್ಲೇ. 1932ರಲ್ಲಿ ಒಕ್ಕೂಟವೇ ಮುಳುಗಿತು. ಅದೇ ವರ್ಷ ಲೇಸ್ಟನ್ ಕಾರ್ಖಾನೆಯನ್ನು ಮ್ಯಾಂಚೆಸ್ಟರಿನ ರೈಲು ಎಂಜಿನ್ ಕಂಪನಿ ಬೇಯರ್ ಪೀಕಾಕ್ ಕೊಂಡುಕೊಂಡಿತು. ಇಲ್ಲಿ ರೈಲುಪ್ರಿಯರಿಗೆ ಒಂದು ಎಚ್ಚರಿಕೆ: ಬೇಯರ್ ಪೀಕಾಕ್ ನಮ್ಮ ಬೆಂಗಾಲ್ ನಾಗಪುರ ರೈಲ್ವೆಗೆ ಮಾಡಿಕೊಟ್ಟ 'ಗ್ಯಾರಟ್' ಎಂಜಿನ್‌ಗಳಿಗೂ ಈ ಗ್ಯಾರೆಟ್ ಮನೆತನಕ್ಕೂ ಸಂಬಂಧವಿಲ್ಲ. ಅವು ಹರ್ಬರ್ಟ್ ವಿಲಿಯಂ ಗ್ಯಾರಟ್ ಎಂಬ ಎಂಜಿನಿಯರನ ವಿನ್ಯಾಸ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಎನಿಸುವುದರಿಂದ ಗೊಂದಲ ಸುಲಭ. ಬಗೆಬಗೆಯ ಯಂತ್ರಸಾಮಗ್ರಿ ಮಾಡುತ್ತ ಕಾರ್ಖಾನೆ 1980ರ ಸುಮಾರಿನವರೆಗೆ ನಡೆದು ಮುಚ್ಚಿತು. ಮ್ಯೂಸಿಯಂ ತೆರೆದದ್ದು 1984ರಲ್ಲಿ.

ಈಗ ಹೋಗಿಬರುವ ವಿಷಯ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಇಪ್ಸ್‌ವಿಚ್‌ಗೆ ರೈಲು, ಅಲ್ಲಿ ಬದಲಿಸಿ ಸ್ಯಾಕ್ಸ್‌ಮಂಡಮ್. ಅಲ್ಲಿಂದ ಲೇಸ್ಟನ್‌ಗೆ ನಾಲ್ಕೈದು ಮೈಲಿ. ಲೇಸ್ಟನ್‌ಗೆ ಪ್ರಯಾಣಿಕರ ರೈಲು 1966ರಲ್ಲೇ ನಿಂತಿದೆ, ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು. ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುವುದುಂಟು, ಹೊರಡುವ ಮುನ್ನ ದಿನ, ಸಮಯ, ಟಿಕೆಟ್ ದರ ವಿಚಾರಿಸಿಕೊಳ್ಳಿ. ಅದೇ ಕರೆಯಲ್ಲಿ ಇನ್ನೆರಡು ಪ್ರಶ್ನೆ ಕೇಳಿ: ಎಂಜಿನ್‌ಗಳಿಗೆ ಉಗಿ ಏರಿಸುವ ದಿನ ಯಾವಾಗ? ನೋಡಲು ಬಯಸುವ ಎಂಜಿನ್ ಆ ದಿನ ಒಳಗೇ ಇರುತ್ತದೆಯೇ? ಬೇಸಿಗೆಯಲ್ಲಿ ಇಂಥ ಎಂಜಿನ್‌ಗಳು ಊರೂರಿನ ಉಗಿ ಜಾತ್ರೆಗಳಿಗೆ ಹೋಗುವುದು ಇಂಗ್ಲೆಂಡಿನಲ್ಲಿ ಸಾಮಾನ್ಯ.

ಕೊರತೆ ಎಂದರೆ, ಉಗಿ ಇಲ್ಲದ ದಿನ ಹೋದವರಿಗೆ ಯಂತ್ರಗಳ ಸದ್ದು, ಬಿಸಿ ಎಣ್ಣೆಯ ವಾಸನೆ, ಬೆಲ್ಟಿನ ಓಟ ಏನೂ ಸಿಗದು. ಬರೇ ಫಲಕ ಓದಿ ಕೊಳವೆ, ಕವಾಟಗಳ ಕೆಲಸ ತಿಳಿಯುವುದು ಹೊಸಬರಿಗೆ ಕಷ್ಟ. ಮಕ್ಕಳನ್ನು ಕರೆದೊಯ್ಯುವವರು ಉಗಿ ಏರಿಸುವ ದಿನವನ್ನೇ ಆರಿಸಿಕೊಳ್ಳಿ. ಉಳಿದವರು ಮೂರು ತಾಸು ಇಟ್ಟುಕೊಳ್ಳಿ: ಮೊದಲ ತಾಸು ಲಾಂಗ್ ಶಾಪಿನ ನೆಲ ಮತ್ತು ಅಟ್ಟಕ್ಕೆ, ಎರಡನೆಯದು ಪೋರ್ಟಬಲ್ ಎಂಜಿನ್ ಮತ್ತು ಬೇಸಾಯದ ಸಾಮಾನಿಗೆ, ಉಳಿದದ್ದು ಸಿರಾಪೈಟ್, ಜೋಕರ್ ಮತ್ತು ಗ್ಯಾರೆಟ್ ಮನೆಯ ಹೆಣ್ಣುಮಕ್ಕಳ ಕತೆಗೆ. ಅಟ್ಟದ ಮೆಟ್ಟಿಲು ಹತ್ತಲಾಗದವರು ಕಾರ್ಖಾನೆ ನೆಲದ ತುದಿಯಿಂದಲೇ ಛಾವಣಿಯ ಮರದ ಜೋಡಣೆ ನೋಡಬಹುದು. ಬಿಸಿಲಿರುವ ದಿನವಾದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇರುವಂತೆ ನೋಡಿಕೊಳ್ಳಿ. ಎಂಜಿನ್‌ಗಳು ಸರಿದುಹೋಗುತ್ತಿದ್ದ ನಡುವಿನ ಅಂಕಣಕ್ಕೆ ಮೇಲಿನ ಬೆಳಕು ನೇರ ಬೀಳುತ್ತದೆ.